ಯಾರ ಜೊತೆ ಕೂತು ಯಾವ ದೆವ್ವದ ಸಿನಿಮಾ ನೋಡೋದು?

ಶನಿವಾರ ರಾತ್ರಿ, ಊಟ ಆಗಿದೆ, ಮನೆ ತುಂಬಾ ಜನ. ತಂಗಿಯ ಮಕ್ಕಳು, ಚಿಕ್ಕಪ್ಪನ ಮಗ, ಅವನ ಹೆಂಡತಿ, ಮೂಲೆಯ ಕುರ್ಚಿಯಲ್ಲಿ ಅಮ್ಮ. ಯಾರೋ 'ದೆವ್ವದ್ದು ಯಾವುದಾದರೂ ಹಾಕೋಣ' ಅಂದರು. ಅಲ್ಲಿಂದ ಮುಕ್ಕಾಲು ಗಂಟೆ ರಿಮೋಟ್ ಕೈಯಿಂದ ಕೈಗೆ ಓಡಾಡಿತು. ಒಬ್ಬನಿಗೆ ಬೆಚ್ಚಿಬೀಳಬೇಕು, ಇನ್ನೊಬ್ಬಳಿಗೆ ನಗಬೇಕು, ಅಮ್ಮನಿಗೆ ಕಥೆ ಇರಬೇಕು, ಸುಮ್ನೆ ಕಿರುಚಾಡೋದು ಬೇಡ. ಕೊನೆಗೆ ಹಾಕಿದ್ದು ಬುಲ್‌ಬುಲ್. ಅರ್ಧಕ್ಕೆ ಬರುವಷ್ಟರಲ್ಲಿ ಅಮ್ಮ ಎದ್ದು ಹೋದರು, ಮಕ್ಕಳನ್ನು ನಾವೇ ಎಬ್ಬಿಸಿ ಒಳಗೆ ಕಳಿಸಿದೆವು. ಸಿನಿಮಾ ಕೆಟ್ಟದ್ದೇನಲ್ಲ. ನಾವು ಹಾಕಿದ ಜಾಗ ತಪ್ಪು.

ಆಮೇಲೆ ನಾನೇ ಒಂದು ಲೆಕ್ಕ ಇಟ್ಟುಕೊಂಡೆ. ಜನಪದ ಕಥೆಯಿಂದ ಹುಟ್ಟಿದ, ಅಥವಾ ಹಾಗೆ ಹುಟ್ಟಿದ ಹಾಗೆ ಕಾಣುವ ಐದು ಸಿನಿಮಾ: ಸ್ತ್ರೀ, ಬುಲ್‌ಬುಲ್, ತುಂಬಾಡ್, ಭ್ರಮಯುಗಂ, ಜೊತೆಗೆ ಜಪಾನಿನ ಹಳೆಯದೊಂದು, ಒನಿಬಾಬಾ. ಐದರ ಹೊಟ್ಟೆಯಲ್ಲೂ ಒಂದು ನೀತಿ ಇದೆ. ಕೆಲವು ಅದನ್ನು ಕೂಗಿ ಹೇಳುತ್ತವೆ, ಕೆಲವು ನೀವು ಹಲ್ಲುಜ್ಜುವಾಗ ಹೊಳೆಯುವ ಹಾಗೆ ಬಿಟ್ಟು ಹೋಗುತ್ತವೆ. ನೀತಿ ಬಗ್ಗೆ ಮಾತಾಡಬೇಕು ಅಂದರೆ ಕೊನೆಯ ಬಗ್ಗೆ ಸ್ವಲ್ಪ ಬಾಯಿ ಬಿಡಲೇಬೇಕು. ಏನೂ ತಿಳಿಯದೆ ನೋಡಬೇಕು ಅನ್ನುವವರು ಕೊನೆಯ ಭಾಗಕ್ಕೆ ನೇರವಾಗಿ ಹೋಗಿ, ಅಲ್ಲಿ ಯಾರಿಗೆ ಯಾವುದು ಅಂತ ಬರೆದಿದ್ದೇನೆ, ತುಂಬಾಡ್‌ನ ಕೊನೆ ಮಾತ್ರ ಅಲ್ಲೂ ಒಂದು ಸಾಲಲ್ಲಿ ಬರುತ್ತದೆ.

ನಾನು ಆರಿಸುವ ರೀತಿ ಇಷ್ಟೇ. ಅಜ್ಜಿ ಹೇಳುತ್ತಿದ್ದ ದೆವ್ವದ ಕಥೆಗಳಿಗೆ ಒಂದೊಂದು ಕೆಲಸ ಇರುತ್ತಿತ್ತು. ಮಕ್ಕಳು ಬಾವಿಕಟ್ಟೆ ಹತ್ತಬಾರದು, ಅದಕ್ಕೆ ಬಾವಿಯಲ್ಲಿ ದೆವ್ವ. ರಾತ್ರಿ ಹುಣಸೆ ಮರದ ಕೆಳಗೆ ಮಲಗಬಾರದು, ಅದಕ್ಕೆ ಹುಣಸೆ ಮರದಲ್ಲೂ ದೆವ್ವ. ಮುಸ್ಸಂಜೆ ಹೊತ್ತು ಕೂದಲು ಬಿಟ್ಟುಕೊಂಡು ಅಂಗಳದಲ್ಲಿ ನಿಲ್ಲಬಾರದು, ಇದು ಹೆಣ್ಣುಮಕ್ಕಳಿಗೆ ಮಾತ್ರ. ಕಥೆ ಯಾರನ್ನ ಹೆದರಿಸೋಕೆ ಹೊರಟಿದೆ ಅಂತ ನೋಡಿದರೆ ಸಾಕು, ನೀತಿ ಯಾರ ಮೇಲೆ ಹೇರಿದ್ದು ಅಂತ ಗೊತ್ತಾಗುತ್ತದೆ. ಸಿನಿಮಾದವರು ಅದೇ ಕಥೆ ತಗೊಂಡಾಗ ದೆವ್ವ ಹಾಗೇ ಉಳಿಯುತ್ತದೆ, ಹೆದರುವವರು ಬದಲಾಗುತ್ತಾರೆ. ಯಾರು ಬದಲಾದರು ಅನ್ನುವುದನ್ನೇ ನಾನು ನೋಡೋದು.

ಸ್ತ್ರೀ ಮತ್ತು ಬುಲ್‌ಬುಲ್: ಅನ್ಯಾಯವಾದ ಹೆಣ್ಣು, ಎರಡು ದಾರಿ

ತೊಂಬತ್ತರ ದಶಕದಲ್ಲಿ ಬೆಂಗಳೂರಿನಲ್ಲಿ ಬೆಳೆದವರಿಗೆ 'ನಾಳೆ ಬಾ' ಗೊತ್ತಿರುತ್ತದೆ. ರಾತ್ರಿ ಒಂದು ದೆವ್ವ ಬೀದಿ ಸುತ್ತುತ್ತದೆ, ಬಾಗಿಲು ತಟ್ಟುತ್ತದೆ, ಮನೆಯವರದೇ ದನಿಯಲ್ಲಿ ಕರೆಯುತ್ತದೆ, ಬಾಗಿಲು ತೆಗೆದರೆ ಮುಗೀತು. ಅದಕ್ಕೆ ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆದಿಡೋದು. ಅದು ಓದಿಕೊಂಡು ಹೊರಟು ಹೋಗುತ್ತದೆ, ಮಾರನೇ ದಿನ ಬರುತ್ತದೆ, ಮತ್ತೆ ಓದುತ್ತದೆ, ಮತ್ತೆ ಹೋಗುತ್ತದೆ. ಅಂಗಡಿಗಳಲ್ಲಿ 'ಇಂದು ನಗದು, ನಾಳೆ ಸಾಲ' ಅಂತ ಬೋರ್ಡ್ ಇರುತ್ತಲ್ಲ, ಅದೇ ಉಪಾಯ. ನಮ್ಮ ವಠಾರದಲ್ಲಿ ಸೀಮೆಸುಣ್ಣದಲ್ಲಿ ಬರೆದಿದ್ದರು. ಮಳೆಗೆ ಅಳಿಸಿ ಹೋದರೆ ಏನು ಗತಿ ಅಂತ ಪಕ್ಕದ ಮನೆಯವರು ಬಣ್ಣದಲ್ಲೇ ಬರೆಸಿದ್ದರು. ದೆವ್ವಕ್ಕೆ ಕನ್ನಡ ಓದೋಕೆ ಬರುತ್ತಾ ಅಂತ ನಾನು ಕೇಳಿ ಬೈಸಿಕೊಂಡಿದ್ದೆ.

ಕೆಲವರ ಬಾಯಲ್ಲಿ ಆ ದೆವ್ವ ಒಬ್ಬ ಮದುವಣಗಿತ್ತಿ, ಗಂಡನನ್ನು ಹುಡುಕಿಕೊಂಡು ಅಲೆಯುವವಳು, ಅದಕ್ಕೇ ಮನೆಯ ಗಂಡಸನ್ನು ಒಯ್ಯುತ್ತಾಳೆ. 2018ರ ಹಿಂದಿ ಸಿನಿಮಾ ಸ್ತ್ರೀ ಹಿಡಿದುಕೊಂಡಿದ್ದು ಈ ಎಳೆಯನ್ನೇ. ನಿರ್ದೇಶನ ಅಮರ್ ಕೌಶಿಕ್, ಕಥೆ ರಾಜ್ ಮತ್ತು ಡಿಕೆ ಜೋಡಿಯದ್ದು. ಬೆಂಗಳೂರು ಹೋಗಿ ಮಧ್ಯಪ್ರದೇಶದ ಚಂದೇರಿ ಬಂತು, ಬಾಗಿಲ ಬರಹ ಹೋಗಿ ಮನೆ ಗೋಡೆ ಮೇಲೆ 'ಓ ಸ್ತ್ರೀ, ಕಲ್ ಆನಾ' ಬಂತು.

ಇಲ್ಲಿ ಹೆದರುವವರು ಯಾರು ನೋಡಿ. ಹಬ್ಬದ ನಾಲ್ಕು ರಾತ್ರಿ ಊರಿನ ಗಂಡಸರು ಕತ್ತಲಾದ ಮೇಲೆ ಹೊರಗೆ ಕಾಲಿಡುವ ಹಾಗಿಲ್ಲ. ಒಬ್ಬೊಬ್ಬರೇ ಓಡಾಡುವ ಹಾಗಿಲ್ಲ. ಯಾರಾದರೂ ಹೆಸರು ಹಿಡಿದು ಕರೆದರೆ ತಿರುಗುವ ಹಾಗಿಲ್ಲ. ಸಿಕ್ಕಿಬಿದ್ದವನ ಬಟ್ಟೆ ಮಾತ್ರ ಬೀದಿಯಲ್ಲಿ ಬಿದ್ದಿರುತ್ತದೆ. ಹೆಣ್ಣುಮಕ್ಕಳು ಹುಟ್ಟಿದಾಗಿನಿಂದ ಕೇಳುವ ಪಾಠ ಇದು: ಹೊತ್ತಾಗುವ ಮುಂಚೆ ಬಾ, ಒಬ್ಬಳೇ ಹೋಗಬೇಡ, ಯಾರು ಕೂಗಿದರೂ ತಿರುಗಬೇಡ. ಅದನ್ನು ಎತ್ತಿ ಗಂಡಸರ ತಲೆಗೆ ಕಟ್ಟಿದ್ದಾರೆ, ಅಷ್ಟೇ. ಭಾಷಣ ಇಲ್ಲದೆ ಕೆಲಸ ಆಗುತ್ತದೆ. ನಮ್ಮ ಮನೆಯಲ್ಲಿ ಗಂಡಸರು ನಕ್ಕ ಜಾಗದಲ್ಲಿ ತಂಗಿ ನಗಲಿಲ್ಲ, ಅವಳು ನಕ್ಕಿದ್ದು ಬೇರೆ ಜಾಗದಲ್ಲಿ.

ಇನ್ನೊಂದು ಸೂಕ್ಷ್ಮ ಇದೆ. ಈ ದೆವ್ವ ಬರೆದಿದ್ದನ್ನು ಓದುತ್ತದೆ, ಓದಿದ್ದಕ್ಕೆ ಬೆಲೆ ಕೊಡುತ್ತದೆ. ಬೇಡ ಅಂದರೆ ಹೋಗುತ್ತದೆ. ಕರೆದಾಗ ಇವನಾಗಿ ತಿರುಗಿದರೆ ಮಾತ್ರ ಮುಟ್ಟುತ್ತದೆ. ಅವಳನ್ನು ಕೊಂದ ಊರಿನವರಿಗೆ ಇಲ್ಲದ ಮರ್ಯಾದೆ ಅವಳಿಗೆ ಇದೆ. ಅವಳ ಹಿಂದಿನ ಕಥೆ ಸಣ್ಣದು: ಪ್ರೀತಿಸಿ ಮದುವೆಯಾದ ವೇಶ್ಯೆ, ಅದನ್ನು ಸಹಿಸದ ಊರ ಗಂಡಸರು, ಮೊದಲ ರಾತ್ರಿಯೇ ಕೊಲೆ. ಕೊನೆಯಲ್ಲಿ ಗೋಡೆ ಬರಹ ಬದಲಾಗುತ್ತದೆ, 'ನಾಳೆ ಬಾ' ಹೋಗಿ 'ಕಾಪಾಡು' ಆಗುತ್ತದೆ. ನಮ್ಮ ಊರುಗಳಲ್ಲಿ ಎಷ್ಟೋ ಅಮ್ಮಂದಿರ ಗುಡಿ ಹೀಗೇ ಹುಟ್ಟಿದ್ದಲ್ವಾ? ಮೊದಲು ಅನ್ಯಾಯ, ಆಮೇಲೆ ಭಯ, ಆಮೇಲೆ ಪೂಜೆ.

ತಕರಾರು ಇಲ್ಲ ಅಂತಲ್ಲ. ಹೆಣ್ಣಿನ ಮರ್ಯಾದೆ ಬಗ್ಗೆ ಮಾತಾಡುವ ಸಿನಿಮಾದಲ್ಲಿ ಐಟಂ ಹಾಡು ಬೇಕಿತ್ತಾ? ನಾಯಕಿಗೆ ಹೆಸರೇ ಇಲ್ಲ, ಅವಳು ಯಾರು ಅನ್ನುವ ಗುಟ್ಟನ್ನು ಮುಂದಿನ ಭಾಗಕ್ಕೆ ಇಟ್ಟುಕೊಂಡರು. ಆ ಮುಂದಿನ ಭಾಗ 2024ರಲ್ಲಿ ಬಂತು, ಅದರಲ್ಲಿ ರುಂಡವಿಲ್ಲದ ಸರ್ಕಟಾ ತನ್ನದೇ ಯೋಚನೆಯಿರುವ ಹೆಣ್ಣುಮಕ್ಕಳನ್ನು ಹೊತ್ತೊಯ್ಯುತ್ತಾನೆ. ಗದ್ದಲ ಜಾಸ್ತಿ, ಮಾತು ಜಾಸ್ತಿ. ಒಂದೇ ನೋಡುವುದಾದರೆ ಮೊದಲನೆಯದು.

ಬುಲ್‌ಬುಲ್‌ನಲ್ಲಿ ನಗುವೇ ಇಲ್ಲ. 2020ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದ ಸಿನಿಮಾ, ಅನ್ವಿತಾ ದತ್ ಬರೆದು ನಿರ್ದೇಶಿಸಿದ್ದು, ಒಂದೂವರೆ ಗಂಟೆ. ಕಥೆ ಶುರುವಾಗುವುದು 1881ರ ಬಂಗಾಳದಲ್ಲಿ. ಪಾದ ಹಿಂದು ಮುಂದಾಗಿರುವ ಚುಡೈಲ್ ಅನ್ನುವ ಹೆಣ್ಣು ದೆವ್ವ, ಕೆಂಪು ಚಂದ್ರ, ಜಮೀನ್ದಾರರ ದೊಡ್ಡ ಮನೆ, ಗೊಂಬೆ ಆಡುವ ವಯಸ್ಸಿನಲ್ಲಿ ಮದುವೆಯಾಗಿ ಬಂದ ಹುಡುಗಿ. ಕಾಡಿನಲ್ಲಿ ಗಂಡಸರನ್ನು ಕೊಲ್ಲುತ್ತಿರುವುದು ಯಾರು ಅಂತ ನಿಮಗೆ ಬೇಗನೇ ಗೊತ್ತಾಗುತ್ತದೆ. ಸಿನಿಮಾಕ್ಕೂ ಅದನ್ನು ಮುಚ್ಚಿಡುವ ಆಸೆ ಇಲ್ಲ. ಹೆಂಡತಿಯ ಪಾದ ಒಡೆದವನು ಗಂಡ, ಆದರೆ ಊರ ಬಾಯಲ್ಲಿ ತಿರುಚಿದ ಪಾದದ ಚುಡೈಲ್ ಆಗಿ ಉಳಿದವಳು ಹೆಂಡತಿ. ಹಳೇ ನಂಬಿಕೆಯ ಒಂದು ಗುರುತನ್ನು ಇಷ್ಟು ಸರಿಯಾಗಿ ತಿರುಗಿಸಿದ್ದು ನಾನು ಬೇರೆಲ್ಲೂ ನೋಡಿಲ್ಲ.

ನನಗೆ ಅದರಲ್ಲಿ ಕಾಡಿದ್ದು ಬುಲ್‌ಬುಲ್ ಅಲ್ಲ, ವಾರಗಿತ್ತಿ ಬಿನೋದಿನಿ. ಎಲ್ಲ ಮುಗಿದ ಮೇಲೆ ಗಾಯ ಒರೆಸುತ್ತಾ ಸುಮ್ಮನಿರು, ಸುಮ್ಮನಿರು ಅಂತ ಹೇಳುವವಳು. ದೊಡ್ಡ ಮನೆ, ಮಾನ ಮರ್ಯಾದೆ, ಒಡವೆ, ಸೀರೆ, ಎಲ್ಲಾ ಸಿಗುತ್ತೆ, ಬಾಯಿ ಮಾತ್ರ ಮುಚ್ಚಿಕೋ. ಆ ದೃಶ್ಯದ ಮುಂಚಿನ ಹಿಂಸೆ ಮಾತ್ರ ತುಂಬಾ ಹೊತ್ತು ತೋರಿಸುತ್ತಾರೆ, ಅತ್ಯಾಚಾರವೂ ಇದೆ. ಮೊದಲೇ ಹೇಳಿ ನೋಡಿಸಿ. ನಾವು ಹೇಳದೆ ಹಾಕಿದ್ದೇ ಆವತ್ತಿನ ತಪ್ಪು.

ಎರಡರಲ್ಲಿ ಯಾವುದು? ಒಪ್ಪದವರ ಜೊತೆ ಕೂತು ನೋಡುವುದಾದರೆ ಸ್ತ್ರೀ. ನಗುತ್ತಾ ಒಳಗೆ ಬಿಟ್ಟುಕೊಳ್ಳುತ್ತಾರೆ, ಒಳಗೆ ಹೋದ ಮೇಲೆ ಅದು ಕೆಲಸ ಮಾಡುತ್ತದೆ. ಮೊದಲೇ ಒಪ್ಪಿದವರಿಗೆ ಬುಲ್‌ಬುಲ್ ನೋಡೋಕೆ ಚೆಂದ, ಆದರೆ ಅದು ಅವರಿಗೆ ಹೊಸದೇನೂ ಹೇಳುವುದಿಲ್ಲ.

ತುಂಬಾಡ್ ಮತ್ತು ಭ್ರಮಯುಗಂ: ಹೊರಬರಲಾಗದ ಮನೆ

ಇವೆರಡೂ ಮಳೆಯ ಸಿನಿಮಾ, ಪಾಳುಬಿದ್ದ ಮನೆಯ ಸಿನಿಮಾ, ಒಳಗೆ ಕಾಲಿಟ್ಟವನು ಸಿಕ್ಕಿಬೀಳುವ ಸಿನಿಮಾ. ಒಂದರಲ್ಲಿ ಅವನು ಸಿಕ್ಕಿಬೀಳುವುದು ತನ್ನ ಆಸೆಯಿಂದ, ಇನ್ನೊಂದರಲ್ಲಿ ಬೇರೆಯವನ ಅಧಿಕಾರದಿಂದ.

ತುಂಬಾಡ್ ಬಂದಿದ್ದೂ 2018ರಲ್ಲೇ. ರಾಹಿ ಅನಿಲ್ ಬರ್ವೆ ನಿರ್ದೇಶನ, ಸೋಹಂ ಶಾ ಮುಖ್ಯ ಪಾತ್ರ. ಮರಾಠಿಯಲ್ಲಿ ಭಯದ ಕಥೆ ಬರೆದ ನಾರಾಯಣ ಧಾರಪ್ ಅವರಿಂದ ಎಳೆ ಬಂದಿದೆ. ಮಳೆಗಾಲಕ್ಕೆ ಕಾದು ಕಾದು ವರ್ಷಗಟ್ಟಲೆ ಚಿತ್ರೀಕರಿಸಿದರು, ಅದು ಪರದೆ ಮೇಲೆ ಗೊತ್ತಾಗುತ್ತದೆ, ನೋಡುತ್ತಾ ಕೂತವರ ಬಟ್ಟೆಯೂ ಒದ್ದೆಯಾದ ಹಾಗಾಗುತ್ತದೆ. ಬಂದಾಗ ಥಿಯೇಟರಿನಲ್ಲಿ ಹೆಚ್ಚು ಜನ ನೋಡಲಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಮತ್ತೆ ಬಿಡುಗಡೆ ಮಾಡಿದಾಗ ಮೊದಲಿಗಿಂತ ಜಾಸ್ತಿ ಗಳಿಸಿತು.

ಹಸ್ತರ್ ಅನ್ನುವ ದೇವರು ಯಾವ ಪುರಾಣದಲ್ಲಿದ್ದಾನೆ ಅಂತ ಹುಡುಕಬೇಡಿ, ಇಲ್ಲ. ಸಿನಿಮಾಕ್ಕಾಗಿ ಕಟ್ಟಿದ ಕಥೆ ಅದು. ಆದರೆ ನಿಜವಾಗಿ ಯಾವುದೋ ಅಜ್ಜಿ ಹೇಳಿದ ಹಾಗೇ ಇದೆ. ಸಮೃದ್ಧಿಯ ದೇವಿಗೆ ಹುಟ್ಟಿದ ಮೊದಲ ಮಗ ಹಸ್ತರ್. ಅವನಿಗೆ ತಾಯಿಯ ಚಿನ್ನವೂ ಬೇಕು, ಧಾನ್ಯವೂ ಬೇಕು. ಚಿನ್ನ ಬಾಚಿಕೊಂಡ, ಧಾನ್ಯಕ್ಕೆ ಕೈ ಹಾಕುವಾಗ ಉಳಿದ ದೇವತೆಗಳು ಮೇಲೆ ಬಿದ್ದರು. ತಾಯಿ ಅವನನ್ನು ಉಳಿಸಿ ತನ್ನ ಗರ್ಭದಲ್ಲೇ ಇಟ್ಟುಕೊಂಡಳು, ಆದರೆ ಅವನಿಗೆ ಪೂಜೆ ಇಲ್ಲ, ಅವನ ಹೆಸರು ಎತ್ತುವ ಹಾಗಿಲ್ಲ. ಈಗ ಅವನ ಬಳಿ ಲೋಕದ ಚಿನ್ನ ಎಲ್ಲಾ ಇದೆ, ತಿನ್ನೋಕೆ ಒಂದು ಹಿಡಿ ಹಿಟ್ಟಿಲ್ಲ. ಸಿನಿಮಾದ ನೀತಿ ಪೂರ್ತಿ ಈ ಒಂದು ಚಿತ್ರದಲ್ಲಿದೆ, ಉಳಿದದ್ದೆಲ್ಲ ಅದರ ವಿವರ.

ಸೋಹಂ ಶಾ ಮಾಡಿದ ಪಾತ್ರ ವಿನಾಯಕ, ಹಿಟ್ಟಿನ ಗೊಂಬೆ ಮಾಡಿಕೊಂಡು ಹಳೇ ವಾಡೆಯ ಕೆಳಗಿರುವ ಆ ಗರ್ಭದೊಳಗೆ ಇಳಿಯುತ್ತಾನೆ. ಸುತ್ತ ಹಿಟ್ಟಿನ ಗೆರೆ ಎಳೆದುಕೊಳ್ಳುತ್ತಾನೆ. ಹಸ್ತರ್ ಗೊಂಬೆಗೆ ಬಾಯಿ ಹಾಕುವಷ್ಟರಲ್ಲಿ ಅವನ ಲಂಗೋಟಿಯಿಂದ ಉದುರಿದ ನಾಣ್ಯ ಬಾಚಿಕೊಂಡು ಹಗ್ಗ ಹತ್ತಿ ಬರುತ್ತಾನೆ. ಒಂದು ಸಲಕ್ಕೆ ಒಂದಷ್ಟು ನಾಣ್ಯ ಮಾತ್ರ. ನಾವು ನಿಧಿ ಕಥೆ ಕೇಳಿ ಬೆಳೆದವರು, ನಿಧಿಗೆ ಹಾವು ಕಾವಲು, ತೆಗೆದವನ ವಂಶ ನಿಲ್ಲಲ್ಲ ಅಂತೆಲ್ಲ. ಇವತ್ತಿಗೂ ಹಳೇ ಗುಡಿಯ ಗರ್ಭಗುಡಿ ಅಗೆದು ಹಾಕಿದ ನಿಧಿಗಳ್ಳರ ಸುದ್ದಿ ಪೇಪರಿನಲ್ಲಿ ಬರುತ್ತಲೇ ಇರುತ್ತದೆ. ಆ ಕಥೆಗಳಲ್ಲಿ ಆಸೆಪಟ್ಟವನು ಕೂಡಲೇ ಸಾಯುತ್ತಾನೆ. ವಿನಾಯಕ ಸಾಯುವುದಿಲ್ಲ, ಚೆನ್ನಾಗಿ ಬದುಕುತ್ತಾನೆ, ವರ್ಷಗಟ್ಟಲೆ. ಅದೇ ಈ ಸಿನಿಮಾದ ಜಾಣತನ. ಆಸೆ ಅವನಿಗೆ ಒಂದು ಕಸುಬು. ಅದನ್ನು ಮಗನಿಗೂ ಕಲಿಸುತ್ತಾನೆ, ಸೈಕಲ್ ಕಲಿಸಿದ ಹಾಗೆ, ಎಷ್ಟು ಬೇಗ ಇಳಿಯಬೇಕು, ಎಷ್ಟು ಬೇಗ ಹತ್ತಬೇಕು ಅಂತ.

1918ರಲ್ಲಿ ಶುರುವಾಗುವ ಕಥೆ 1947ರವರೆಗೆ ಬರುತ್ತದೆ. ದೇಶಕ್ಕೆ ಸ್ವಾತಂತ್ರ್ಯ ಬಂದು ಆ ಹಳೇ ವಾಡೆ ಸರ್ಕಾರದ ಕೈಗೆ ಹೋಗುವ ಹೊತ್ತು. ಆಗ ಮಗ ಕೇಳುತ್ತಾನೆ, ಒಂದೊಂದೇ ನಾಣ್ಯ ಯಾಕೆ, ಲಂಗೋಟಿಯನ್ನೇ ಕಿತ್ತುಕೊಂಡು ಬರೋಣ ಅಂತ. ಅಪ್ಪನಿಗೆ ಹೆಮ್ಮೆ. ನನಗೆ ಬೆನ್ನು ತಣ್ಣಗಾಗಿದ್ದು ಆ ಹೆಮ್ಮೆ ನೋಡಿ. ಹಸ್ತರ್ ಮೈಗೆ ಕೆಂಪು ಬಳಿದ ಒಂದು ಜೀವ, ನಾಲ್ಕು ಸಲ ನೋಡಿದರೆ ಅಭ್ಯಾಸವಾಗುತ್ತದೆ.

ಭ್ರಮಯುಗಂ 2024ರ ಮಲಯಾಳಂ ಸಿನಿಮಾ, ರಾಹುಲ್ ಸದಾಶಿವನ್ ನಿರ್ದೇಶನ. ಪೂರ್ತಿ ಕಪ್ಪು ಬಿಳುಪು. ಪಾತ್ರಗಳು ಬೆರಳೆಣಿಕೆಯಷ್ಟು, ಅದರಲ್ಲಿ ಒಬ್ಬರು ಮಮ್ಮುಟ್ಟಿ. ಹದಿನೇಳನೇ ಶತಮಾನದ ಮಲಬಾರು. ತೇವನ್ ಒಬ್ಬ ಪಾಣನ್, ಹಾಡುವ ಕೆಳಜಾತಿಯವನು, ತಪ್ಪಿಸಿಕೊಂಡು ಓಡುತ್ತಾ ಹಸಿದು ಒಂದು ಮನೆ ಸೇರುತ್ತಾನೆ. ಮನೆಯ ಯಜಮಾನ ಕೊಡುಮೋನ್ ಪೋತ್ತಿ ಅವನನ್ನು ಒಳಗೆ ಕರೆಯುತ್ತಾನೆ, ಊಟ ಹಾಕುತ್ತಾನೆ, ಹಾಡಿಸುತ್ತಾನೆ. ಮೇಲ್ಜಾತಿಯವನೊಬ್ಬ ಆ ಕಾಲದಲ್ಲಿ ಇಷ್ಟು ಆದರ ತೋರಿಸಿದಾಗಲೇ ನಮಗೆ ಭಯ ಶುರುವಾಗಬೇಕು. ಆಮೇಲೆ ಪಗಡೆ. ಸೋತರೆ ಪಣ ದುಡ್ಡಲ್ಲ, ತೇವನ್‌ನ ಸಮಯ. ಧರ್ಮರಾಯ ರಾಜ್ಯ ಇಟ್ಟ, ತಮ್ಮಂದಿರನ್ನು ಇಟ್ಟ, ಹೆಂಡತಿಯನ್ನು ಇಟ್ಟ. ಏನೂ ಇಲ್ಲದವನ ಹತ್ತಿರ ಇಡೋಕೆ ಉಳಿದಿರೋದು ಬದುಕಿನ ದಿನಗಳು ಮಾತ್ರ. ಜೀತ ಅಂದರೆ ಅದೇ ತಾನೇ? ಜೀತದ ಬಗ್ಗೆ ಇಷ್ಟು ಸರಳವಾಗಿ ಹೇಳಿದ ಭಯದ ಸಿನಿಮಾ ನನಗೆ ಗೊತ್ತಿಲ್ಲ.

ಈ ಕಥೆಯ ಹಿಂದಿರುವ ಚಾತನ್, ಅಂದರೆ ಮಂತ್ರವಾದಿಗಳು ವಶ ಮಾಡಿಕೊಂಡು ದುಡಿಸಿಕೊಳ್ಳುವ ಒಂದು ಭೂತ, ಕೇರಳದಲ್ಲಿ ಬರೀ ಹಳೇ ಕಥೆಯಲ್ಲ, ಇವತ್ತಿಗೂ ಪೂಜೆ ಇದೆ. ಕೊಟ್ಟಾರತ್ತಿಲ್ ಶಂಕುಣ್ಣಿ ಸೇರಿಸಿಟ್ಟ ಐತಿಹ್ಯಮಾಲೆಯ ಕಥೆಗಳಲ್ಲಿ ಮಂತ್ರವಾದಿಗಳ ಮನೆತನಗಳು ಬರುತ್ತವೆ. ಯಜಮಾನನಿಗೆ ಮೊದಲು ಇಟ್ಟಿದ್ದ ಹೆಸರು ತಮ್ಮ ಮನೆತನವನ್ನೇ ನೆನಪಿಸುತ್ತದೆ ಅಂತ ಒಂದು ಕುಟುಂಬದವರು ಹೈಕೋರ್ಟಿಗೆ ಹೋದರು, ಆಮೇಲೆ ಕೊಡುಮೋನ್ ಅಂತ ಬದಲಾಯಿತು. ಕಥೆ ಎಷ್ಟು ಹತ್ತಿರದ್ದು ಅಂತ ಅದರಲ್ಲೇ ಗೊತ್ತಾಗುತ್ತದೆ.

ಕೊನೆಯ ಗುಟ್ಟು ಹೇಳುವುದಿಲ್ಲ. ಇಷ್ಟು ಮಾತ್ರ: ಯಜಮಾನ ಹೋದರೂ ಕುರ್ಚಿ ಖಾಲಿ ಇರುವುದಿಲ್ಲ. ದೆವ್ವ ಓಡಿಸಿ ಮನೆಗೆ ಹೋದೆವು ಅನ್ನುವ ಸಮಾಧಾನ ಇಲ್ಲಿ ಸಿಗುವುದಿಲ್ಲ. ಎರಡು ಗಂಟೆಗೂ ಜಾಸ್ತಿ ಇದೆ, ನಿಧಾನ ಇದೆ, ಫೋನ್ ನೋಡುತ್ತಾ ನೋಡಿದರೆ ಏನೂ ಸಿಗಲ್ಲ.

ಹೋಲಿಸಿದರೆ ನನ್ನ ಮತ ತುಂಬಾಡ್‌ಗೆ. ಭ್ರಮಯುಗಂ ದೊಡ್ಡ ಮಾತು ಹೇಳುತ್ತದೆ, ಆದರೆ ಅದನ್ನು ನೋಡುವಾಗ ನಾವು ಸುಲಭವಾಗಿ ತೇವನ್ ಕಡೆ ಸೇರಿಕೊಂಡು ಬಿಡುತ್ತೇವೆ. ತುಂಬಾಡ್‌ನಲ್ಲಿ ವಿನಾಯಕನ ಚೀಲದಲ್ಲಿ ಎಷ್ಟು ನಾಣ್ಯ ಬಿತ್ತು ಅಂತ ನಾನೂ ಎಣಿಸುತ್ತಿದ್ದೆ.

ಕಾಂತಾರ ಯಾಕಿಲ್ಲ ಅಂತ ಕೇಳುತ್ತೀರಿ, ಗೊತ್ತು. ಪಂಜುರ್ಲಿ, ಗುಳಿಗ ತುಳುನಾಡಿನವರಿಗೆ ದೈವ. ಅಲ್ಲಿಯ ಭೂತಕ್ಕೂ ನಾವು ಘಟ್ಟದ ಮೇಲಿನವರು ಹೇಳುವ ದೆವ್ವಕ್ಕೂ ಸಂಬಂಧ ಇಲ್ಲ. ಮೈ ಜುಮ್ ಅಂದರೂ ಅದನ್ನು ದೆವ್ವದ ಸಿನಿಮಾಗಳ ಸಾಲಲ್ಲಿ ಕೂರಿಸೋಕೆ ನನಗೆ ಮನಸ್ಸಿಲ್ಲ.

ಒನಿಬಾಬಾ: ಅತ್ತೆ, ಸೊಸೆ, ಒಂದು ಮುಖವಾಡ

1964ರ ಜಪಾನಿ ಸಿನಿಮಾ, ಕನೆಟೊ ಶಿಂಡೊ ನಿರ್ದೇಶನ. ಮೂಲ ಒಂದು ಬೌದ್ಧ ನೀತಿಕಥೆ. ಸೊಸೆ ದಿನಾ ದೇವಸ್ಥಾನಕ್ಕೆ ಹೋಗುವುದು ಅತ್ತೆಗೆ ಆಗುವುದಿಲ್ಲ. ರಾಕ್ಷಸಿಯ ಮುಖವಾಡ ಹಾಕಿಕೊಂಡು ದಾರಿಯಲ್ಲಿ ಹೆದರಿಸುತ್ತಾಳೆ. ಮುಖವಾಡ ಮುಖಕ್ಕೇ ಅಂಟಿಕೊಳ್ಳುತ್ತದೆ. ಪ್ರಾರ್ಥನೆ ಮಾಡಿದ ಮೇಲೆ ಕಳಚುತ್ತದೆ, ಚರ್ಮದ ಸಮೇತ. ನಮ್ಮ ಹಳ್ಳಿ ಕಥೆ ಅಂದರೂ ಯಾರೂ ಅನುಮಾನಪಡಲ್ಲ.

ಶಿಂಡೊ ಇದನ್ನು ಹದಿನಾಲ್ಕನೇ ಶತಮಾನದ ಯುದ್ಧದ ನಡುವೆ ಇಟ್ಟರು. ಮಗ ಯುದ್ಧಕ್ಕೆ ಹೋಗಿದ್ದಾನೆ. ಆಳೆತ್ತರದ ಹುಲ್ಲಿನ ಬಯಲಲ್ಲಿ ಅತ್ತೆ ಸೊಸೆ ಇಬ್ಬರೇ, ದಾರಿ ತಪ್ಪಿ ಬಂದ ಸೈನಿಕರನ್ನು ಕೊಂದು, ಹೆಣ ಗುಂಡಿಗೆ ತಳ್ಳಿ, ಅವರ ಕವಚ ಮಾರಿ ಧಾನ್ಯ ತಂದು ತಿನ್ನುತ್ತಾರೆ. ಮಗ ಸತ್ತ ಸುದ್ದಿ ತಂದ ಪಕ್ಕದವನ ಹತ್ತಿರ ಸೊಸೆ ರಾತ್ರಿ ರಾತ್ರಿ ಓಡಿಹೋಗತೊಡಗುತ್ತಾಳೆ. ದೇವಸ್ಥಾನದ ಜಾಗದಲ್ಲಿ ಪ್ರಿಯಕರ ಬಂದ. ಇಷ್ಟು ಬದಲಾದ ಕೂಡಲೇ ನೀತಿಯೂ ಜಾರಿಕೊಳ್ಳುತ್ತದೆ. ಅತ್ತೆ ಪಾಪದ ಮಾತಾಡಿ ಹೆದರಿಸುತ್ತಾಳೆ, ನರಕದ ಕಥೆ ಹೇಳುತ್ತಾಳೆ, ಆದರೆ ಅವಳ ಚಿಂತೆ ಹೊಟ್ಟೆಪಾಡು. ಸೊಸೆ ಹೋದರೆ ಒಬ್ಬಳೇ ಕೊಲ್ಲೋಕಾಗಲ್ಲ, ಕೊಲ್ಲದೆ ಊಟ ಇಲ್ಲ. ಅಜ್ಜಿಯ ಕಥೆಗಳು ಹೇಗೆ ಹುಟ್ಟುತ್ತವೆ, ಯಾರ ಅನುಕೂಲಕ್ಕೆ ಹುಟ್ಟುತ್ತವೆ ಅನ್ನುವುದನ್ನೇ ಈ ಸಿನಿಮಾ ಬಿಚ್ಚಿ ತೋರಿಸುತ್ತದೆ.

ಮುಖವಾಡ ಒಡೆದು ತೆಗೆದಾಗ ಕಾಣುವ ಮುಖ ನೋಡೋಕಾಗಲ್ಲ. ಶಿಂಡೊ ಹಿರೋಶಿಮಾ ಕಡೆಯವರು, ಅಣುಬಾಂಬಿನಲ್ಲಿ ಸುಟ್ಟವರ ಗಾಯಗಳನ್ನು ನೋಡಿಯೇ ಆ ಮುಖ ಮಾಡಿಸಿದ್ದು. ಸೊಸೆ ಹೆದರಿ ಓಡುತ್ತಾಳೆ, ಹಿಂದಿನಿಂದ ಅತ್ತೆ ತಾನು ದೆವ್ವ ಅಲ್ಲ, ಮನುಷ್ಯಳು ಅಂತ ಕೂಗುತ್ತಾ ಬರುತ್ತಾಳೆ. ನಗ್ನ ದೃಶ್ಯಗಳು ಸಾಕಷ್ಟಿವೆ, ಮನೆಮಂದಿಯ ಮುಂದೆ ಬೇಡವೇ ಬೇಡ.

ಹಾಗಾದರೆ ಯಾರಿಗೆ ಯಾವುದು

ಹದಿಹರೆಯದ ಮಕ್ಕಳು, ಗಂಡಸರು, ಹೆಂಗಸರು ಎಲ್ಲಾ ಇರುವ ರಾತ್ರಿಗೆ ಸ್ತ್ರೀ. ಒಂದೆರಡು ಪೋಲಿ ಮಾತು ಬರುತ್ತವೆ, ಕೆಮ್ಮಿಬಿಡಿ. ಸಣ್ಣ ಮಕ್ಕಳಿಗೆ ಈ ಐದೂ ಬೇಡ, ಅಜ್ಜಿ ಹತ್ತಿರ ಕಳಿಸಿ. ಗಂಡ ಹೆಂಡತಿ ಇಬ್ಬರೇ ಕೂತು ನೋಡಿ ಆಮೇಲೆ ಅರ್ಧ ರಾತ್ರಿವರೆಗೆ ಮಾತಾಡುವವರಾದರೆ ಬುಲ್‌ಬುಲ್. ಸಿನಿಮಾ ಹುಚ್ಚಿರುವ ಗೆಳೆಯನ ಜೊತೆ ಭ್ರಮಯುಗಂ, ದೀಪ ಪೂರ್ತಿ ಆರಿಸಿ. ಒಬ್ಬರೇ ಇದ್ದೀರಿ, ನಿದ್ದೆ ಹಾಳಾದರೂ ಪರವಾಗಿಲ್ಲ ಅನ್ನುವಿರಾದರೆ ಒನಿಬಾಬಾ.

ತುಂಬಾಡ್ ದೊಡ್ಡವರಿಗೆ, ಯಾವ ಮಳೆಗಾಲದ ರಾತ್ರಿಗಾದರೂ ಸರಿ. ಆ ತಪ್ಪು ಶನಿವಾರದ ಎರಡು ವಾರ ಆದ ಮೇಲೆ ಅಮ್ಮನಿಗೆ ಅದನ್ನೇ ಹಾಕಿದೆ. ಈ ಸಲ ಎದ್ದು ಹೋಗಲಿಲ್ಲ. ಕೊನೆಯಲ್ಲಿ ಹುಡುಗ ಅಪ್ಪ ಚಾಚಿದ ಚಿನ್ನ ಬಿಟ್ಟು ನಡೆದುಬಿಡುತ್ತಾನೆ, ಪರದೆ ಕಪ್ಪಾಯಿತು, ಯಾರೂ ಮಾತಾಡಲಿಲ್ಲ. ಅಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಳ್ಳುತ್ತಾ ಕೇಳಿದರು, 'ಆ ಕೂಸು ಆವತ್ತು ರಾತ್ರಿ ಊಟಕ್ಕೆ ಏನು ಮಾಡಿತೋ?'